ಹೆಣ್ಣೊಪ್ಪಿಸುವ ಹಾಡಿನ ಸರಿಯಾದ ವೇಗ

ಮತ್ಸರವು ಮನುಷ್ಯನನ್ನು ಒಳಗಿನಿಂದ ಸುಟ್ಟು ಬೂದಿ ಮಾಡುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆ ಮಳೆಗಾಲದಲ್ಲಿ ನನ್ನ ತೂಕ ಹೆಚ್ಚಿತು.

ನಮ್ಮೂರು ಸಂಶಿಯಲ್ಲಿ ಹಳೆಯ ರೆಕಾರ್ಡು ಕೂಡಿಡುವ ಹುಚ್ಚರು ಇಬ್ಬರೇ: ನಾನು ಮತ್ತು ನನ್ನ ಗೆಳೆಯ, ನಿವೃತ್ತ ಡ್ರಾಯಿಂಗ್ ಮಾಸ್ತರ. ಮೈಕ್ ಸೆಟ್ಟಿನ ಕಾಕಾ ಅಂಗಡಿ ಮುಚ್ಚುವಾಗ ಇಬ್ಬರನ್ನೂ ಕರೆದು, "ಬೇಕಾದ್ದು ಒಯ್ರಿ, ಹಾಳಾಗೂದು ಬ್ಯಾಡ" ಎಂದರು. ವಯಸ್ಸಿನಲ್ಲಿ ಹಿರಿಯನೆಂಬ ಹಕ್ಕಿನಿಂದ ಮೊದಲು ನಾನು ಆರಿಸಿ, ನಾಟಕದ ಪದಗಳ ರೆಕಾರ್ಡುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡೆ. ಉಳಿದವುಗಳಲ್ಲಿ ಒಂದು ದೊಡ್ಡ ರೆಕಾರ್ಡಿತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ಕಾಕಾ ಅವರ ತಮ್ಮ ಯಾವುದೋ ದೂರದ ಬಂದರಿನಿಂದ ತಂದದ್ದು. ಸುತ್ತಲಿನ ಊರುಗಳ ಮದುವೆಗಳಲ್ಲಿ, ಹೆಣ್ಣೊಪ್ಪಿಸುವ ಹೊತ್ತಿಗೆ ಕಾಕಾ ಅದನ್ನೇ ಹಚ್ಚುತ್ತಿದ್ದರು. ಭಾಷೆ ಯಾರಿಗೂ ತಿಳಿಯದು. ಆದರೂ ಆ ಗಂಡಸು ಬಾವಿಯ ತಳದಲ್ಲಿ ಕುಳಿತು ನರಳುವಂತೆ ಹಾಡುವಾಗ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ತಂಗಿಯ ಮದುವೆಯಲ್ಲಿ ನಾನೂ ಅತ್ತಿದ್ದೇನೆ.

"ಈ ಅಳೂ ಹಾಡು ನೀನ ಒಯ್ಯಲೇ" ಎಂದು ಗೆಳೆಯನಿಗೆ ಉದಾರವಾಗಿ ಬಿಟ್ಟುಕೊಟ್ಟೆ.

ಸಣ್ಣ ರೆಕಾರ್ಡು ಜೋರಾಗಿ ತಿರುಗಬೇಕು, ದೊಡ್ಡದು ನಿಧಾನವಾಗಿ. ಇದು ನಮ್ಮ ಕಡೆಯ ಮೈಕ್ ಸೆಟ್ಟಿನವರ ಶಾಸ್ತ್ರ. ಈ ರೆಕಾರ್ಡು ದೊಡ್ಡದಾಗಿದ್ದೂ ಜೋರಾಗಿ ತಿರುಗಬೇಕಾದದ್ದು; ಶಾಸ್ತ್ರ ನಂಬಿದ ಕಾಕಾ ಅದನ್ನು ನಿಧಾನವಾಗಿಯೇ ತಿರುಗಿಸುತ್ತಿದ್ದರು. ಗೆಳೆಯ ಮನೆಯಲ್ಲಿ ವೇಗದ ಗುಂಡಿ ಬದಲಿಸಿ ನೋಡಿದ. ಇಷ್ಟು ವರ್ಷ ನರಳಿದ ಗಂಡಸು ಎದ್ದು ಕುಣಿಯತೊಡಗಿದ. ಕೆಳಗೆ ರೆಗೆ ಎಂಬ ಸಂಗೀತದ ತೂಗಾಟ, ಮೇಲೆ ಡಿಸ್ಕೋದ ಧಡಧಡ. ಅದನ್ನವನು ಮೊಬೈಲಿನಲ್ಲಿ ಹಿಡಿದು ಇಂಟರ್‌ನೆಟ್ಟಿಗೆ ಹಾಕಿದ. ಕೆಲವೇ ದಿನಗಳಲ್ಲಿ ಲಂಡನ್ನಿನ ರೆಕಾರ್ಡು ಕಂಪನಿಯೊಂದು ಅವನಿಗೆ ಬರೆಯಿತು: ಮೂಲ ಟೇಪು ಕಳೆದುಹೋಗಿದೆ, ಈ ರೆಕಾರ್ಡಿಗಾಗಿ ಎಲ್ಲೆಲ್ಲೋ ಹುಡುಕಿದ್ದೇವೆ, ನಿಮ್ಮ ಪ್ರತಿಯಿಂದಲೇ ಮತ್ತೆ ಹೊರತರುತ್ತೇವೆ, ಕವರಿನ ಮೇಲೆ ನಿಮ್ಮ ಹೆಸರು ಹಾಕುತ್ತೇವೆ.

ಹೆಸರು! ನನ್ನ ಹೆಸರು ಈವರೆಗೆ ಅಚ್ಚಾದದ್ದು ಲಗ್ನಪತ್ರಿಕೆಗಳ ಕೊನೆಯಲ್ಲಿ, ಸುಖಾಗಮನ ಬಯಸುವವರ ಗುಂಪಿನೊಳಗೆ ಮಾತ್ರ. ಚಹಾದ ನೆವ ಮಾಡಿಕೊಂಡು ಅವನ ಮನೆಗೆ ಹೋದೆ.

"ಕವರಿನ್ಯಾಗ ನನ್ನ ಹೆಸರೂ ಹಾಕ್ಸಲೇ. ಅದನ್ನ ನಿನಗ ಬಿಟ್ಟಾಂವ ನಾನ."

"ಏನಂತ ಹಾಕ್ಸಲಿ? ಬ್ಯಾಡಂದಾಂವ ಅಂತ?"

"ಆ ಹಾಡಿಗೆ ನಾ ಅತ್ತೇನಿ. ನೀ ಅತ್ತಿಯೇನು?"

"ಕುಣಿಯೂ ಹಾಡಿಗೆ ಅತ್ತಾಂವ ಅಂತ ಬರದ್ರ, ಹಾಡಿದಾಂವ ಎದಿ ಒಡಕೊಂಡ ಸಾಯ್ತಾನಲೇ!"

ಒಳಗಿನಿಂದ ಅವನ ಹೆಂಡತಿ, "ಅಣ್ಣಾರ, ಇನ್ನೀಟ ಅವಲಕ್ಕಿ ಹಾಕ್ಲ್ಯಾ?" ಎಂದು ಕೇಳಿದರು. ಹಾಕಿಸಿಕೊಂಡೆ. ಹೊರಡುವಾಗ ಗೆಳೆಯ, "ಬರದ ಕೇಳಿ ನೋಡ್ತೀನಿ, ಬಿಡು" ಎಂದ. ಆ ಮಾತಿನ ಆಧಾರದ ಮೇಲೆ ನಾನು ದಿನಾಲು ಅವನ ಮನೆಗೆ ಹೋಗತೊಡಗಿದೆ. ಲಂಡನ್ನಿನಿಂದ ಉತ್ತರ ಬಂತೇ ಎಂದು ನಾನು ಕೇಳುತ್ತಿರಲಿಲ್ಲ. ಸುಮ್ಮನೆ ಕುಳಿತು ಅವಲಕ್ಕಿ ತಿನ್ನುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಪಾರ್ಸಲ್ ಬಂತು. ಕವರಿನ ಹಿಂಬದಿಯಲ್ಲಿ ಗೆಳೆಯನ ಹೆಸರಿದೆ. ಅದರ ಕೆಳಗೆ ಮೈಕ್ ಸೆಟ್ಟಿನ ಕಾಕಾ ಅವರದೂ ಅವರ ತಮ್ಮನದೂ ಇವೆ. ನನ್ನದಿಲ್ಲ.