ಹನಿ ಹಾಕಿದ ಮೇಲಿನ ಇಪ್ಪತ್ತು ನಿಮಿಷ

ಬೆಳಿಗ್ಗೆ ಆರೂವರೆ. ಕಣ್ಣಾಸ್ಪತ್ರೆಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಐವತ್ಮೂರು ವರ್ಷದ ಹೆಂಗಸೊಬ್ಬರು ಒಂದು ಕಣ್ಣು ಮುಚ್ಚಿಕೊಂಡು, ಗದ್ದವನ್ನು ಯಂತ್ರದ ಪಟ್ಟಿಯ ಮೇಲೆ ಊರಿ ಕೂತಿದ್ದಾರೆ. ಎದುರಿಗೆ ದೊಡ್ಡ ಬೋಗುಣಿಯನ್ನು ಅಡ್ಡಲಾಗಿ ನಿಲ್ಲಿಸಿದಂಥ ಬಿಳಿ ಗೋಡೆ. ಅದರೊಳಗೆ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಮಿನುಗಿ ಮಾಯವಾಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಮೊದಲ ರೋಗಿ ಬರುವ ಮುನ್ನ ಯಂತ್ರಕ್ಕೆ ತಮ್ಮ ಕಣ್ಣನ್ನೇ ಒಪ್ಪಿಸುವುದು ಇವರ ದಿನದ ಆರಂಭ.

“ನನ್ನ ಕಣ್ಣಿನ ನಕ್ಷೆ ನಂಗೆ ಬಾಯಿಪಾಠ. ಇವತ್ತು ಅದ್ರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಬಂತು ಅಂದ್ರೆ ಒಂದೋ ಯಂತ್ರ ಕೆಟ್ಟಿದೆ, ಇಲ್ಲಾ ನಾನು ಕೆಟ್ಟಿದೀನಿ,” ಎಂದು ನಗುತ್ತಾರೆ.

ಆಸ್ಪತ್ರೆಯ ಕಾಗದಪತ್ರಗಳಲ್ಲಿ ಇವರು ಎರಡನೇ ದರ್ಜೆಯ ಸಹಾಯಕಿ. ಮಿಕ್ಕವರಿಗೆಲ್ಲ ಚುಕ್ಕಿ ಅಕ್ಕ. ಇಪ್ಪತ್ತಾರು ವರ್ಷಗಳ ಹಿಂದೆ ಫೈಲು ಹೊರುವ ಕೆಲಸಕ್ಕೆ ಬಂದವರು. ಆಗಷ್ಟೇ ಈ ಯಂತ್ರ ಬಂದಿತ್ತು. ಕಂಪನಿಯವನು ಎರಡು ದಿನ ತೋರಿಸಿಕೊಟ್ಟು ಹೋದ. “ಕತ್ತಲೆ ಕೋಣೆ ಬೇಡಪ್ಪಾ ಅಂತ ಎಲ್ರೂ ಜಾರ್ಕೊಂಡ್ರು. ನಂಗೆ ಜಾರೋಕೆ ಜಾಗ ಇರ್ಲಿಲ್ಲ, ಕೂತ್ಬಿಟ್ಟೆ.” ಅಂದು ಕೂತವರು ಇನ್ನೂ ಎದ್ದಿಲ್ಲ.

ದಿನಕ್ಕೆ ಹದಿನೈದು ಮಂದಿ. ಒಂದೊಂದು ಕಣ್ಣಿಗೆ ಆರೇಳು ನಿಮಿಷ. ಎಲ್ಲೆಲ್ಲಿ ಚುಕ್ಕಿ ಕಂಡಿತು, ಎಲ್ಲೆಲ್ಲಿ ಕಾಣಲಿಲ್ಲ ಎಂಬುದನ್ನು ಯಂತ್ರ ಕಪ್ಪುಬಿಳುಪಿನ ನಕ್ಷೆಯಾಗಿ ಮುದ್ರಿಸುತ್ತದೆ, ಕಾಣದ ಜಾಗವೆಲ್ಲ ಕಪ್ಪು. ಬಂದವರೆಲ್ಲ ಶಾಲೆಯ ಮಕ್ಕಳಂತೆ ಹೆದರಿ, “ಎಷ್ಟು ತಪ್ಪು ಮಾಡ್ದೆ?” ಎಂದು ಕೇಳುತ್ತಾರೆ. ನಕ್ಷೆ ಆದಮೇಲೆ ಕಣ್ಣಿಗೆ ಹನಿ ಬೀಳುತ್ತದೆ. ಪಾಪೆ ಅಗಲವಾಗಲು ಇಪ್ಪತ್ತು ನಿಮಿಷ ಬೇಕು. ಅಲ್ಲಿಯವರೆಗೆ ಹೊರಗಿನ ಬೆಂಚು, ಆಮೇಲೆ ಕಣ್ಣಿನ ಹಿಂಭಾಗದ ಫೋಟೊ. ಸಂಜೆಯ ಹೊತ್ತಿಗೆ ಅಕ್ಕನ ಕುತ್ತಿಗೆ ಹಿಡಿದುಕೊಂಡಿರುತ್ತದೆ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಗಂಡ ಬಟ್ಟೆ ಬಿಸಿ ಮಾಡಿ ಶಾಖ ಕೊಡುತ್ತಾರೆ.

ಬೆಂಚಿನ ಆ ಇಪ್ಪತ್ತು ನಿಮಿಷಗಳಲ್ಲಿ ವೈದ್ಯರಿಗೆ ಕೆಲಸವಿಲ್ಲ, ಯಂತ್ರಕ್ಕೂ ಇಲ್ಲ. ಅಕ್ಕನ ಅಸಲಿ ಕೆಲಸ ಶುರುವಾಗುವುದೇ ಅಲ್ಲಿ. ಪಕ್ಕದಲ್ಲಿ ಕೂತು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಾರೆ: “ನಿನ್ನೆ ಎದ್ದಾಗಿಂದ ಮಲಗೋವರೆಗೆ ಏನೇನು ಮಾಡಿದ್ರಿ? ಒಂದೂ ಬಿಡದೆ ಹೇಳಿ.” ಕೇಳಿದ್ದನ್ನು ಚೀಟಿಯಲ್ಲಿ ಬರೆದು ಫೈಲಿಗೆ ಸಿಕ್ಕಿಸುತ್ತಾರೆ. ಮೊದಮೊದಲು ಕೆಲವು ವೈದ್ಯರು ಆ ಚೀಟಿಗಳನ್ನು ನೋಡದೆಯೇ ಬುಟ್ಟಿಗೆ ಹಾಕುತ್ತಿದ್ದರಂತೆ. ಗಂಡನದಂತೂ ನಿತ್ಯದ ಗೇಲಿ: “ಇವಳ ಪಕ್ಕ ಕೂತ್ರೆ ನಿನ್ನೆ ತಿಂದ ಬಾಳೆಹಣ್ಣಿಗೂ ಲೆಕ್ಕ ಕೊಡ್ಬೇಕು.”

ಕಳೆದ ವರ್ಷ ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವ ಹೆಣ್ಣುಮಗಳೊಬ್ಬಳು ಬಂದಳು. ಮೂವತ್ತರ ಆಸುಪಾಸು. ಬರೀ ಬಿಳಿಯಲ್ಲೇ ಹನ್ನೆರಡು ಬಗೆ ಗುರುತಿಸುವವಳು, ಅದೇ ಅವಳ ಅನ್ನ. ತಲೆನೋವು. ಬಗ್ಗಿ ಎದ್ದರೆ ಒಂದು ಕ್ಷಣ ಎಲ್ಲವೂ ಬೂದಿ. ಫೋಟೊದಲ್ಲಿ ಎರಡೂ ಕಣ್ಣಿನ ದೃಷ್ಟಿನರ ಊದಿಕೊಂಡಿತ್ತು.

ಊದಿದ್ದೇನೋ ಕಂಡಿತು. ಯಾಕೆ? ಮೆದುಳಿನ ಸ್ಕ್ಯಾನಿನಲ್ಲಿ ಗಡ್ಡೆಯಿಲ್ಲ. ರಕ್ತದಲ್ಲಿ ಸೋಂಕಿಲ್ಲ. ಮೆದುಳು, ಬೆನ್ನುಹುರಿಗಳ ಸುತ್ತ ಇರುವ ನೀರನ್ನು ಬೆನ್ನಿನಿಂದ ತೆಗೆದು ನೋಡಿದರೆ ಅದೂ ಶುದ್ಧ, ಅದರ ಒತ್ತಡ ಮಾತ್ರ ವಿಪರೀತ. ತಲೆಯೊಳಗಿನ ಆ ಒತ್ತಡವೇ ನರವನ್ನು ಊದಿಸುತ್ತಿದೆ ಎಂದು ವೈದ್ಯರಿಗೆ ಗೊತ್ತಾಯಿತು, ಒತ್ತಡ ಎಲ್ಲಿಂದ ಬಂತೆಂದು ಗೊತ್ತಾಗಲಿಲ್ಲ. ಕೊನೆಗೆ ಎಲ್ಲರ ಬೆರಳೂ ಬಣ್ಣ ತೆಳುಮಾಡುವ ಥಿನ್ನರ್ ವಾಸನೆಯತ್ತ ತಿರುಗಿತು. ಒತ್ತಡ ಇಳಿಸುವ ಮಾತ್ರೆ ಕೊಟ್ಟು, ಅಂಗಡಿ ಬಿಟ್ಟು ಮನೆಯಲ್ಲಿರು ಎಂದರು.

ನಾಲ್ಕು ವಾರದ ನಂತರ ಬಂದಾಗ ನಕ್ಷೆ ಇನ್ನಷ್ಟು ಕಪ್ಪಾಗಿತ್ತು. ಹತ್ತು ದಿನದಲ್ಲಿ ಇಳಿಯದಿದ್ದರೆ ಶಸ್ತ್ರಚಿಕಿತ್ಸೆ, ಅದಾದರೂ ಹೋದ ದೃಷ್ಟಿ ಬರುತ್ತದೆಂಬ ಭರವಸೆಯಿಲ್ಲ ಎಂದರು ವೈದ್ಯರು. ನಕ್ಷೆ ತೆಗೆದ ಅಕ್ಕ ಹಳೆಯದನ್ನೂ ಹೊಸದನ್ನೂ ಜೊತೆಗಿಟ್ಟು ನೋಡಿದರು. ಬಣ್ಣ ಬಿಟ್ಟ ಮೇಲೂ ಹೆಚ್ಚಾಗಿದೆಯೆಂದರೆ ಕಳ್ಳ ಅಂಗಡಿಯಲ್ಲಿಲ್ಲ! ಹನಿ ಹಾಕಿ, ಬೆಂಚಿನ ಮೇಲೆ ಕೂರಿಸಿ, ತಮ್ಮ ಪ್ರಶ್ನೆ ಕೇಳಿದರು.

“ಎದ್ದೆ. ಮುಖ ತೊಳ್ಕೊಂಡೆ. ಚಹಾ ಕುಡಿದೆ. ಗುಳಿಗೆ ನುಂಗಿದೆ. ಬಟ್ಟೆ ಒಗೆದೆ...”

“ತಾಳು, ತಾಳು. ಯಾವ ಗುಳಿಗೆ? ಡಾಕ್ಟ್ರು ಕೊಟ್ಟಿದ್ದಾ?”

“ಅವ್ರು ಕೊಟ್ಟಿದ್ದು ಬೇರೆ. ಇದು ಔಷಧಿ ಅಲ್ಲಕ್ಕ, ಬರೀ ಶಕ್ತಿಗೆ. ಕೂದಲು ಉದುರ್ತಿತ್ತು ಅಂತ ನಮ್ಮ ಚಿಕ್ಕಮ್ಮ ಡಬ್ಬಿ ತಂದ್ಕೊಟ್ರು. ದಿನಕ್ಕೊಂದು ತಗೋತಿದ್ದೆ. ಕಣ್ಣಿಗೂ ಒಳ್ಳೇದು ಅಂತ ಅದ್ರ ಮೇಲೆ ಬರೆದಿದೆ. ಕಣ್ಣು ಮಂಜಾದ್ಮೇಲೆ ಮೂರು ಮಾಡ್ದೆ. ಈಗ ಮನೇಲೇ ಇದೀನಲ್ಲ, ಬೇಗ ವಾಸಿಯಾಗ್ಲಿ ಅಂತ ಆರು.”

ಬೇರೆ ಔಷಧಿ ತೆಗೆದುಕೊಳ್ಳುತ್ತೀಯಾ ಎಂದು ವೈದ್ಯರು ಮೂರು ಸಲ ಕೇಳಿದ್ದರು. ಮೂರು ಸಲವೂ ಇಲ್ಲ ಎಂದಿದ್ದಳು. ಸುಳ್ಳು ಹೇಳಿದ್ದಲ್ಲ, ಅವಳ ಮಟ್ಟಿಗೆ ಅದು ಔಷಧಿಯೇ ಆಗಿರಲಿಲ್ಲ. ಅಕ್ಕ ಅವಳ ತಮ್ಮನಿಗೆ ಫೋನು ಮಾಡಿಸಿ ಡಬ್ಬಿ ತರಿಸಿದರು. ಚೀಟಿಯಲ್ಲಿ ಎರಡೇ ಸಾಲು ಬರೆದರು: ಗುಳಿಗೆ ಒಂದು, ಮೂರು, ಆರು ಆದ ತಾರೀಖುಗಳು ಮೇಲೆ, ಕಣ್ಣು ಹದಗೆಟ್ಟ ತಾರೀಖುಗಳು ಕೆಳಗೆ. “ಕಾರಣ ಹೇಳೋಕೆ ನಾನ್ಯಾರು? ಒಂದರ ಕೆಳಗೊಂದು ಬರೆದಿಟ್ಟೆ, ಅಷ್ಟೇ.”

ವೈದ್ಯರು ಡಬ್ಬಿ ತಿರುಗಿಸಿ ಓದಿದರು. ಭಾರೀ ಪ್ರಮಾಣದ ಎ ವಿಟಮಿನ್. ಮಿತಿ ಮೀರಿದರೆ ಮೈಯಲ್ಲೇ ಕೂತು ತಲೆಯೊಳಗಿನ ನೀರಿನ ಒತ್ತಡ ಏರಿಸುತ್ತದೆ. ರಕ್ತದಲ್ಲಿ ಅದನ್ನು ಯಾರೂ ಹುಡುಕಿರಲಿಲ್ಲ. ಹುಡುಕಿದಾಗ ಸಿಕ್ಕಿತು. ಕಣ್ಣು ಕಾಯಲಿ ಎಂದು ನುಂಗಿದ್ದೇ ಕಣ್ಣು ತಿನ್ನುತ್ತಿತ್ತು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಡಬ್ಬಿ ಕಸಕ್ಕೆ ಹೋಯಿತು. ಎರಡು ದಿನಕ್ಕೊಮ್ಮೆ ಪರೀಕ್ಷೆ ನಡೆಯಿತು. ಒಂಬತ್ತನೇ ದಿನ ಊತ ಕೂದಲೆಳೆಯಷ್ಟು ಇಳಿದಿತ್ತು. ಶಸ್ತ್ರಚಿಕಿತ್ಸೆ ಬೇಡವಾಯಿತು.

ಐದು ತಿಂಗಳಲ್ಲಿ ಅವಳು ಅಂಗಡಿಗೆ ಮರಳಿದಳು. ಬಲಗಣ್ಣು ಪೂರ್ತಿ ತಿಳಿಯಾಗಿದೆ. ಎಡಗಣ್ಣಿನ ನಕ್ಷೆಯಲ್ಲಿ ಮೂಗಿನ ಪಕ್ಕದ ಕೆಳಗಿನ ಮೂಲೆ ಮಾತ್ರ ಕಪ್ಪಾಗಿಯೇ ಉಳಿದಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಅಕ್ಕ ಹೇಳಿಕೊಂಡು ಓಡಾಡಬಹುದಿತ್ತು. ಅವರು ಹೇಳಿಕೊಳ್ಳುವುದಿಲ್ಲ. ಬಣ್ಣದಾಕೆ ಮೊದಲ ಸಲ ಬಂದ ಹಿಂದಿನ ದಿನ ಕರೆಂಟಿರಲಿಲ್ಲ. ಅವಳು ಬಂದ ದಿನ ಎರಡು ದಿನದ ಜನ ಒಟ್ಟಿಗೆ ಬಂದು ಮೂವತ್ತೆರಡಾಗಿತ್ತು. ಸಾಲಿನವರು ಗದ್ದಲವೆಬ್ಬಿಸಿದ್ದರಿಂದ ಅಕ್ಕ ಅವತ್ತು ಬೆಂಚಿಗೆ ಹೋಗಲೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಪ್ರಶ್ನೆ ಬಿಟ್ಟಿದ್ದು ಅದೊಂದೇ ದಿನ.

ಇದನ್ನು ಅವಳ ಮುಂದೆಯೇ ಒಪ್ಪಿಕೊಂಡಿದ್ದಾರೆ. “ಅವತ್ತು ಕೇಳಿದ್ರೂ ನಾನು ಹೇಳ್ತಿರ್ಲಿಲ್ಲ ಬಿಡಕ್ಕ,” ಎಂದು ಅವಳು ಸಮಾಧಾನ ಮಾಡಿದಳಂತೆ. ಅಕ್ಕ ತಲೆಯಾಡಿಸುತ್ತಾರೆ. “ಹೇಳ್ತಿದ್ಳು. ಪಕ್ಕ ಕೂತು ಕೇಳಿದ್ರೆ ಎಲ್ರೂ ಹೇಳ್ತಾರೆ.”

ದೊಡ್ಡ ಡಾಕ್ಟರು ಈಗ ಆ ಪ್ರಶ್ನೆಯನ್ನು ಫಾರಮ್ಮಿನಲ್ಲೇ ಅಚ್ಚು ಹಾಕಿಸಿದ್ದಾರೆ. ಜನ ಆ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕುತ್ತಾರೆ. ನಿವೃತ್ತಿಗೆ ಮುಂಚೆ ಬೆಂಚಿಗೆಂದೇ ಇನ್ನೊಬ್ಬರನ್ನು ಕೊಡಿ ಎಂದು ಅಕ್ಕ ಮೂರು ಅರ್ಜಿ ಬರೆದಿದ್ದಾರೆ. “ನೋಡೋಣ” ಎಂಬ ಉತ್ತರ ಬಂದಿದೆ. ಸದ್ಯಕ್ಕೆ ಅವರೇ ಕೂರುತ್ತಾರೆ, ಸಾಲು ಗೇಟಿನವರೆಗೆ ಬೆಳೆದರೂ ಏಳುವುದಿಲ್ಲ.

ಇವತ್ತೂ ಸಾಲಿನಲ್ಲೊಬ್ಬರು ಕೂಗುತ್ತಾರೆ: “ಅಕ್ಕಾ, ಪಟ್ಟಾಂಗ ಹೊಡೆಯೋಕೆ ಸಂಬಳ ಕೊಡ್ತಾರೇನು?”

ಅಕ್ಕ ಅತ್ತ ತಿರುಗಿಯೂ ನೋಡುವುದಿಲ್ಲ. “ಬೈಲಿ. ಮನೆಗೆ ಹೋಗೋ ಹೊತ್ತಿಗೆ ಬೈಗುಳ ಮರೆತೋಗುತ್ತೆ,” ಎನ್ನುತ್ತಾರೆ ಮೆಲ್ಲಗೆ. “ಅವಳ ನಕ್ಷೆಯ ಆ ಕಪ್ಪು ಮೂಲೆ ಮರೆಯೋಕಾಗಲ್ಲ.” ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತ ಅಜ್ಜನ ಪಕ್ಕಕ್ಕೆ ಸರಿಯುತ್ತಾರೆ. “ಹೇಳಿ ಅಜ್ಜಾ, ನಿನ್ನೆ ಎಷ್ಟೊತ್ತಿಗೆ ಎದ್ರಿ?”