ಜಗಲಿಯ ಮೇಲೆ ಗೆದ್ದ ವಾದ

“ಆಯ್ತು ಕಣಪ್ಪ, ಮಾತಲ್ಲಿ ನೀನೇ ಗೆದ್ದೆ. ಆದ್ರೆ ಮಗಳನ್ನ ಕಳ್ಸಲ್ಲ” ಎಂದು ಸಹಪಾಠಿ ರೇಖಾಳ ಅಪ್ಪ ಜಗಲಿಯಿಂದ ಎದ್ದೇಬಿಟ್ಟರು. ದೂರದ ವಿಶ್ವವಿದ್ಯಾಲಯದಲ್ಲಿ ಅವಳಿಗೆ ವಿದ್ಯಾರ್ಥಿವೇತನದ ಜೊತೆ ಸಂಶೋಧನೆಗೆ ಸೀಟು ಸಿಕ್ಕಿತ್ತು. ಅವರನ್ನು ಒಪ್ಪಿಸಲು ಜವನಗೊಂಡನಹಳ್ಳಿಗೆ ಹೋದ ನಾನು, ಚರ್ಚಾಸ್ಪರ್ಧೆಯ ಗುಂಗಿನಲ್ಲಿ ಅಕ್ಕಪಕ್ಕದವರ ಎದುರೇ ಅವರ ಒಂದೊಂದು ಆಕ್ಷೇಪವನ್ನೂ ಕತ್ತರಿಸಿ ಹಾಕಿದ್ದೆ.

ಬಸ್ ಹತ್ತಿಸಲು ಬಂದ ರೇಖಾ ಸಿಡುಕಿದಳು: “ಲೇ, ನಾಕು ಜನರ ಮುಂದೆ ಅಪ್ಪನ್ನ ಯಾಕೋ ಸೋಲಿಸ್ದೆ? ನೀನು ಸೋತಿದ್ರೆ ‘ಹೋಗ್ಲಿ ಬಿಡು’ ಅಂತ ಅವ್ರೇ ಕಳಿಸ್ತಿದ್ರು!”

ಇದೆಂಥ ತರ್ಕ ಎಂದು ಹಿರಿಯೂರು ಬರುವವರೆಗೂ ಒಳಗೊಳಗೇ ಜಗಳವಾಡಿದೆ. ಸೇರುವ ಗಡುವು ಹತ್ತಿರವಾಗುತ್ತಿದೆ, ನಿದ್ದೆ ಹತ್ತುತ್ತಿಲ್ಲ. ಪತ್ರಿಕೆಯಲ್ಲಿ ನಾನು ಬರೆಯುವ ಈ ಅಂಕಣವನ್ನು ರೇಖಾಳ ಅಪ್ಪ ಜಗಲಿಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಾರಂತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಯಜಮಾನ್ರೇ, ನಾನು ಸೋತೆ. ಅವಳನ್ನ ಕಳಿಸಿಕೊಡ್ರಿ.