ನೀರುಗಂಟಿ ಮಾದಯ್ಯನ ಹೆಬ್ಬೆರಳು

ಮಾದಯ್ಯನ ಬಲಗೈ ಹೆಬ್ಬೆರಳು ಅಗಲವಾಗಿ, ಚಪ್ಪಟೆಯಾಗಿತ್ತು. ಹುಲ್ಲಹಳ್ಳಿ ನಾಲೆಯ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಬಿಡುವ ನೀರುಗಂಟಿ ಆತ. ಆ ಬೆರಳನ್ನು ಬದುವಿಗೆ ಒತ್ತಿ, ಮಣ್ಣು ಎಷ್ಟು ನೀರು ಕುಡಿದಿದೆ ಎಂದು ಹೇಳುತ್ತಿದ್ದ. ಗದ್ದೆಯ ಒಡೆಯನ ಬಗ್ಗೆ ಹೇಳುತ್ತಿದ್ದುದು ಮಾತ್ರ ಒಂದೇ: "ಅವ್ನಿಗೇನ್ಲಾ ಗೊತ್ತು?" ನನಗೂ ಅದೇ ಮರ್ಯಾದೆ, ಎಂ.ಎಸ್ಸಿ. ಮಾಡಿದ ಮೇಲೆ ತುಸು ಹೆಚ್ಚೇ ಸಿಕ್ಕಿತು.

ನಮ್ಮೂರಲ್ಲಿ ಸುಸ್ತೆಂದರೆ ಗ್ಲೂಕೋಸ್ ಬಾಟ್ಲಿ. ಅದನ್ನು ಏರಿಸದ ಡಾಕ್ಟರು ಡಾಕ್ಟರೇ ಅಲ್ಲ. ಅವ್ವನಿಗೆ ನಾಲ್ಕು ಹೆಜ್ಜೆಗೇ ಏದುಸಿರು ಬರತೊಡಗಿದಾಗ, ಓದಿದವನಾದ ನಾನೂ ಬಾಟ್ಲಿ ಹಾಕಿಸಲೆಂದೇ ಅವಳನ್ನು ಆಟೋ ಹತ್ತಿಸಿದೆ. ಅವಳ ಪಾದ ಊದಿದ್ದು ನನಗೆ ಕಂಡಿತ್ತೋ ಇಲ್ಲವೋ, ಈಗ ನೆನಪಿಲ್ಲ. ಕಂಡಿರಲಿಲ್ಲ ಎಂದು ನಂಬುವುದು ಅನುಕೂಲ.

ದಾರಿಯಲ್ಲಿ ಎದುರಾದ ಮಾದಯ್ಯ ಆಟೋ ನಿಲ್ಲಿಸಿ, ಬಾಟ್ಲಿ ಹಾಕಿಸಲು ಹೊರಟಿದ್ದೇವೆಂದು ಕೇಳಿ ತಿಳಿದು, ಅವ್ವನ ಕಾಲಿಗೆ ಹೆಬ್ಬೆರಳು ಒತ್ತಿ ತೆಗೆದ. ಗುಳಿ ಹಾಗೇ ಉಳಿಯಿತು.

"ನೋಡ್ಲಾ, ಜೌಗಿಡ್ದದೆ. ಜೌಗು ಗದ್ದೆಗೆ ಯಾವ ಬಡ್ಡೈದ ತೂಬು ಎತ್ತಾನು?"

"ಸುಸ್ತು ಅಂತಾಳೆ, ದೊಡ್ಡಪ್ಪ."

"ಜೌಗಲ್ಲೂ ಪೈರು ಸೊರಗ್ತದೆ. ಓದಂತೆ ಓದು! ನಂಜನ್‌ಗೂಡ್ಗೆ ಕರ್ಕೊಂಡೋಗು."

ನಂಜನಗೂಡಿನ ವೈದ್ಯೆ ಹೇಳಿದ್ದೂ ಅದನ್ನೇ. ಹೃದಯ ಸೋತಿದೆ, ರಕ್ತನಾಳಗಳಿಂದ ಜಿನುಗಿದ ನೀರು ಕಾಲಲ್ಲಿ ನಿಂತಿದೆ, ಶ್ವಾಸಕೋಶಕ್ಕೂ ಇಳಿದಿದೆ, ಬಾಟ್ಲಿ ಏರಿಸಿದ್ದರೆ ಕಷ್ಟವಾಗುತ್ತಿತ್ತು. ಉಪ್ಪು ಕಡಿಮೆ ಮಾಡಿಸಿ, ಮೂತ್ರ ಹೋಗುವ ಮಾತ್ರೆ ಕೊಟ್ಟರು. ವಾರದೊಳಗೆ ಅವ್ವನ ಕಾಲುಂಗುರ ಸಡಿಲವಾಯಿತು.

ಅಂದಿನಿಂದ ಮಾದಯ್ಯ ಬಾಟ್ಲಿ ಎಂದರೆ ಉರಿದುಬೀಳುತ್ತಿದ್ದ. ಮುಂದಿನ ಬೇಸಿಗೆಯಲ್ಲಿ ಎರಡು ದಿನ ವಾಂತಿಭೇದಿಯಾಗಿ ಮಲಗಿದಾಗಲೂ ಅಷ್ಟೇ.

"ಬಾಟ್ಲಿ ಬ್ಯಾಡ," ಎಂದು ನನ್ನತ್ತ ಕೈತೋರಿಸಿ ಸೊಸೆಗೆ ಗದರಿದ. "ಎತ್ತವ್ವನ್ನೇ ಸಾಯ್ಸಾಕೊಂಟಿದ್ದ ಇವ್ನು. ಇವ್ನ್ ಮಾತು ಕೇಳೀಯಾ?"

ನಾಲಿಗೆ ಒಣಗಿತ್ತು. ಕುಡಿದದ್ದು ನಿಲ್ಲುತ್ತಿರಲಿಲ್ಲ. ಬೆಳಗಿನಿಂದ ಮೂತ್ರವಿಲ್ಲ. ನಾನು ಅವನ ತೋಳಿನ ಚರ್ಮ ಚಿವುಟಿ ಬಿಟ್ಟೆ. ಮಡಿಕೆ ಇಳಿಯಲಿಲ್ಲ.

"ಕೊನೇ ಗದ್ದೆ ಬಿರುಕು ಬಿಟ್ಟದೆ, ದೊಡ್ಡಪ್ಪ. ಈಗ ತೂಬು ಮುಚ್ಕೊಂಡು ಕೂತಿರೋ ಬಡ್ಡೈದ ಯಾರು?"

ಅವನು ಆ ಮಡಿಕೆಯನ್ನೇ ನೋಡುತ್ತಿದ್ದ.

"ನೀನ್ಯಾವಾಗ್ಲಾ ನೀರುಗಂಟಿ ಆದೆ?" ಎಂದು ಮುಖ ತಿರುಗಿಸಿದ. ತೋಳನ್ನು ಮಾತ್ರ ನನ್ನ ಕೈಯಲ್ಲೇ ಬಿಟ್ಟ. "ಮೆಲ್ಲಗೆ ಬುಡಾಕೇಳು. ಒಂದೇ ಸಲ ಬುಟ್ರೆ ಬದು ಕಿತ್ತೋಯ್ತದೆ."

ಬದುಕಿಕೊಂಡ. ಇನ್ನೆರಡು ಬೆಳೆಗೆ ನೀರು ಬಿಟ್ಟು, ಒಂದು ಮಧ್ಯಾಹ್ನ ನಾಲೆಯ ಏರಿಯ ಮೇಲೆ ಕೂತಲ್ಲೇ ಹೋದ. ಈ ಸಲ ಯಾರ ಸಲಹೆಗೂ ಎಡೆಗೊಡಲಿಲ್ಲ.

ಈಗ ದಿನಾ ಬೆಳಿಗ್ಗೆ ಅವ್ವನ ಕಾಲಿಗೆ ನಾನೇ ಹೆಬ್ಬೆರಳು ಒತ್ತುತ್ತೇನೆ.

"ಗುಳಿ ಬೀಳ್ಲಿಲ್ಲ ಕಣವ್ವ," ಎನ್ನುತ್ತೇನೆ.

"ನಿನ್ ಬೆರಳ್ಗೆಲ್ಲಿ ಬಿದ್ದಾತು?" ಎನ್ನುತ್ತಾಳೆ ಅವ್ವ. "ಇನ್ನೊಸಿ ಒತ್ಲಾ, ಅವ್ನು ಒತ್ತ್‌ದಂಗೆ."